ಪೋಡು, ಹಾಡಿ, ಮಜರೆ: ಮಲೆಯ ಊರುಗಳು ನಕ್ಷೆಗೆ ಬಂದ ಬಗೆ

ಕರ್ನಾಟಕದ ಕಂದಾಯ ದಾಖಲೆಗಳಲ್ಲಿ ಬೇಚಿರಾಕ್ ಗ್ರಾಮ ಎಂಬ ವರ್ಗವೊಂದಿದೆ. ಅದಕ್ಕೆ ಹೆಸರಿದೆ, ಗಡಿಕಲ್ಲುಗಳಿವೆ, ಸರ್ವೆ ನಂಬರುಗಳಿವೆ, ನಕ್ಷೆಯೂ ಇದೆ. ಜನ ಮಾತ್ರ ಇಲ್ಲ. 2011ರ ಜನಗಣತಿಯಲ್ಲಿ ಎಣಿಸಿದ ರಾಜ್ಯದ 29 ಸಾವಿರಕ್ಕೂ ಹೆಚ್ಚು ಗ್ರಾಮಗಳ ಪೈಕಿ ಎರಡು ಸಾವಿರದ ಹತ್ತಿರ ಹೀಗೆ ಜನವಸತಿಯಿಲ್ಲದವು. ಬೆಟ್ಟಸೀಮೆಯ ಸ್ಥಿತಿ ಇದಕ್ಕೆ ತದ್ವಿರುದ್ಧ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳು, ಹೆಗ್ಗಡದೇವನಕೋಟೆ ಮತ್ತು ಕೊಡಗಿನ ಜೇನುಕುರುಬರ ಹಾಡಿಗಳು, ಶರಾವತಿ ಕಣಿವೆಯಿಂದ ಎದ್ದುಬಂದವರು ಕಟ್ಟಿಕೊಂಡ ಮಜರೆಗಳು ಇವೆಲ್ಲ ಜನರಿರುವ ಊರುಗಳೇ. ಅಲ್ಲಿನವರು ಮತ ಹಾಕುತ್ತಾರೆ, ಪಡಿತರ ತರುತ್ತಾರೆ. ಆದರೆ ಗ್ರಾಮನಕ್ಷೆಯಲ್ಲಿ ಆ ಜಾಗ ಕಾಡು, ಇಲ್ಲವೇ ಖರಾಬು. ರಸ್ತೆಯಿರಲಿ, ಕುಡಿಯುವ ನೀರಿರಲಿ, ಅಂಗನವಾಡಿಯಿರಲಿ, ಕಚೇರಿಯಲ್ಲಿ ಕೇಳುವ ಮೊದಲ ಪ್ರಶ್ನೆ ಯಾವ ಗ್ರಾಮ, ಎಷ್ಟನೇ ಸರ್ವೆ ನಂಬರು ಎಂಬುದು. ಅದಕ್ಕೆ ಉತ್ತರವಿಲ್ಲದ ಊರಿನ ಕಡತ ಮುಂದಕ್ಕೆ ಹೋಗುವುದಿಲ್ಲ. ಬೆಟ್ಟಗಳನ್ನು ಮೊದಲು ಅಳೆದವರು ಯಾತಕ್ಕಾಗಿ ಅಳೆದರು ಎಂಬುದನ್ನು ನೋಡದೆ ಈ ತೊಡಕು ಅರ್ಥವಾಗದು.

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದ ಕೂಡಲೇ ಮೈಸೂರು ಸೀಮೆಯ ಮೇಲೆ ಒಟ್ಟೊಟ್ಟಿಗೆ ಮೂರು ಬಗೆಯ ಕಣ್ಣು ಬಿತ್ತು. ಕಾಲಿನ್ ಮೆಕೆಂಜಿ ಸುಮಾರು ಹತ್ತು ವರ್ಷ ನಡೆದ ಮೈಸೂರು ಸರ್ವೆಯನ್ನು ಕೈಗೆತ್ತಿಕೊಂಡ. ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ ಬೆಳೆ, ಮಣ್ಣು, ಕಸುಬು, ಜಾತಿಗಳ ವಿವರ ಬರೆದುಕೊಂಡ. ವಿಲಿಯಂ ಲ್ಯಾಂಬ್ಟನ್ 1800ರ ಕೊನೆಯಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದು, 1802ರಿಂದ ಮದರಾಸಿನಲ್ಲಿ ತ್ರಿಕೋನ ಸರ್ವೆಯನ್ನು ವಿಧಿವತ್ತಾಗಿ ಆರಂಭಿಸಿದ. ಮೂವರ ಕೆಲಸವೂ ಬೇರೆ ಬೇರೆ, ಬೆಟ್ಟಗಳನ್ನು ಕಂಡ ರೀತಿಯೂ ಬೇರೆ ಬೇರೆ.

ಲ್ಯಾಂಬ್ಟನ್‌ಗೆ ಬೆಟ್ಟವೆಂದರೆ ಯಂತ್ರ ಇಡುವ ಜಾಗ. ಸಾವನದುರ್ಗದಂಥ ಶಿಖರಗಳ ಮೇಲೆ ಅರ್ಧ ಟನ್ ತೂಕದ ಥಿಯೋಡೊಲೈಟ್ ಹತ್ತಿಸಿ, ಒಂದು ನೆತ್ತಿಯಿಂದ ಇನ್ನೊಂದಕ್ಕೆ ಕೋನ ಹಿಡಿಯುತ್ತ ಆತ ಪೂರ್ವ ಕರಾವಳಿಯಿಂದ ಮಂಗಳೂರಿನ ಕಡಲವರೆಗೆ ತ್ರಿಕೋನಗಳನ್ನು ಹೆಣೆದ. ಪರ್ಯಾಯ ದ್ವೀಪದ ಅಗಲ ಹಳೆಯ ನಕ್ಷೆಗಳು ತೋರಿಸಿದ 400 ಮೈಲಿಯಲ್ಲ, ಸುಮಾರು 360 ಮೈಲಿ ಎಂದು ಗೊತ್ತಾದದ್ದು ಇದರಿಂದ. ಅದು ದೊಡ್ಡ ಸಾಧನೆಯೇ. ಆದರೆ ಯಂತ್ರದ ದುರ್ಬೀನು ಒಂದು ನೆತ್ತಿಯಿಂದ ಮತ್ತೊಂದು ನೆತ್ತಿಯನ್ನು ಮಾತ್ರ ನೋಡುತ್ತಿತ್ತು. ಮಲೆನಾಡಿನವರು ಮನೆ ಕಟ್ಟುವುದು ನೆತ್ತಿಯ ಮೇಲಲ್ಲ, ನೀರು ಹರಿಯುವ ಕಣಿವೆಯ ತಳದಲ್ಲಿ. ಶಿಖರಗಳ ಅಕ್ಷಾಂಶ ರೇಖಾಂಶಗಳು ಸೆಕೆಂಡಿನ ಲೆಕ್ಕಕ್ಕೆ ನಿಗದಿಯಾದ ಕಾಲದಲ್ಲಿ ಅವುಗಳ ಬುಡದ ಊರುಗಳು ಅಂದಾಜಿನ ಚುಕ್ಕೆಗಳಾಗಿದ್ದವು.

ಮೆಕೆಂಜಿಯ ಕೆಲಸ ಇದಕ್ಕಿಂತ ನೆಲಕ್ಕೆ ಹತ್ತಿರ. ಗಡಿ, ರಸ್ತೆ, ಕೋಟೆಗಳ ಜೊತೆಗೆ ಕೆರೆ, ಊರು, ಜನವರ್ಗ, ಶಾಸನ, ಸ್ಥಳಪುರಾಣಗಳನ್ನೂ ಅವನ ಸಿಬ್ಬಂದಿ ಸಂಗ್ರಹಿಸಿತು. ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಸೋದರರಂಥ ಸಹಾಯಕರು ಊರೂರಿನ ಶಾನುಭೋಗರನ್ನು ಕೂರಿಸಿಕೊಂಡು ಕೇಳಿ ಬರೆದರು. ಊರಿನವರ ಬಾಯಿಂದ ಬಂದ ವಿವರ ನಕ್ಷೆಯ ಭಾಗವಾದ ಅಪರೂಪದ ಸಂದರ್ಭವಿದು. ಹಾಗಿದ್ದರೂ ಶಾನುಭೋಗನಿದ್ದ ಕಡೆಯಷ್ಟೇ ಕೇಳಿಬರೆಯಲು ಸಾಧ್ಯವಿತ್ತು. ಬೆಟ್ಟದೊಳಗಿನ ಪೋಡುಗಳಿಗೆ ಶಾನುಭೋಗನಿರಲಿಲ್ಲ.

ಇಂದಿಗೂ ಯೋಜನೆಗಳನ್ನು ಆಳುತ್ತಿರುವ ನಕ್ಷೆ ಇವರಾರದ್ದೂ ಅಲ್ಲ. ಅದು ಕಂದಾಯ ಸರ್ವೆಯದು. ಮೈಸೂರು ಸಂಸ್ಥಾನದಲ್ಲಿ ಲೆವಿನ್ ಬೌರಿಂಗ್ ಕಮಿಷನರ್ ಆಗಿದ್ದಾಗ, 1863ರಲ್ಲಿ, ಬೊಂಬಾಯಿ ಪದ್ಧತಿಯ ಸರ್ವೆ ಶುರುವಾಯಿತು. 33 ಅಡಿಯ ಸರಪಳಿ ಅದರ ಮುಖ್ಯ ಸಾಧನ. ಸರಪಳಿ ಉದ್ದದ, ಸರಪಳಿ ಅಗಲದ ಚೌಕ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಹೊಲದ ಮೂಲೆಗಳಿಗೆ ಕಲ್ಲು ನೆಟ್ಟು, ಅಳತೆಯನ್ನು ಟಿಪ್ಪಣಿಯಲ್ಲಿ ಬರೆದು, ವಿಸ್ತೀರ್ಣವನ್ನೂ ಕಂದಾಯವನ್ನೂ ಆಕಾರ್‌ಬಂದಿನಲ್ಲಿ ಏರಿಸಿ, ಎಲ್ಲ ನಂಬರುಗಳನ್ನು ಕೂಡಿಸಿ ಗ್ರಾಮನಕ್ಷೆ ಬರೆಯುವುದು ಕ್ರಮ. ಮೈಲಿಗೆ ಎಂಟು ಅಂಗುಲದ ಆ ನಕ್ಷೆ ಬಯಲುಸೀಮೆಗೆ ಹೇಳಿ ಮಾಡಿಸಿದ್ದು: ಹೊಲಗಳು ಒತ್ತಾಗಿವೆ, ನಡುವೆ ಮನೆಗಳಿಗೆಂದು ಬಿಟ್ಟ ಗ್ರಾಮಠಾಣವಿದೆ, ಅದರಲ್ಲಿ ಊರು ನಿಂತಿದೆ.

ಮಲೆನಾಡಿನಲ್ಲಿ ಈ ಪದ್ಧತಿ ಮುಗ್ಗರಿಸಿತು. ಅಲ್ಲಿ ಗದ್ದೆಯೂ ಅಡಕೆ ತೋಟವೂ ಕಂದಾಯ ತರುತ್ತಿದ್ದವು. ಅವನ್ನು ತುಂಡು ತುಂಡಾಗಿ ಅಳೆದರು. ನಡುವಿನ ಇಳಿಜಾರು, ಕಾನು, ಬೇಣ, ಸೊಪ್ಪಿನಬೆಟ್ಟಗಳನ್ನು ನೂರಾರು ಎಕರೆಯ ಒಂದೊಂದು ನಂಬರಿಗೆ ಸೇರಿಸಿ ಮುಗಿಸಿದರು. ಸರಪಳಿಯನ್ನು ಇಳಿಜಾರಿನಲ್ಲಿ ಮಟ್ಟವಾಗಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಅಳೆಯಬೇಕು. ನೆಲಕ್ಕೆ ಹಾಸಿದರೆ ಉದ್ದ ಹೆಚ್ಚುತ್ತದೆ. ಗಿಡಗಂಟಿಯ ನಡುವೆ, ಜಿಗಣೆ ಕಚ್ಚಿಸಿಕೊಳ್ಳುತ್ತ, ಮಲೇರಿಯಾದ ಹೆದರಿಕೆಯಲ್ಲಿ ಅಳೆದವರು ಪ್ರತಿ ಸಲವೂ ಹಾಗೆ ಮಾಡಿದರೆಂದು ನಂಬುವುದು ಕಷ್ಟ. ಒಂದು ತೋಟ, ಒಂದು ಮನೆ, ಅರ್ಧ ಮೈಲಿ ಆಚೆ ಇನ್ನೊಂದು ತೋಟ, ಇನ್ನೊಂದು ಮನೆ ಎಂಬ ರೀತಿಯಲ್ಲಿ ಚೆದುರಿದ ಊರಿಗೆ ಗ್ರಾಮಠಾಣವೆಂಬುದೂ ಸರಿಯಾಗಿ ಕೂರಲಿಲ್ಲ.

ಜಾಗ ಬದಲಿಸುತ್ತ ಬೇಸಾಯ ಮಾಡುತ್ತಿದ್ದವರ ಪಾಡು ಇನ್ನೂ ಕಷ್ಟದ್ದು. ಕಾಡಿನ ತುಂಡೊಂದನ್ನು ಕಡಿದು, ಸುಟ್ಟು, ಒಂದೆರಡು ವರ್ಷ ರಾಗಿ ಬಿತ್ತಿ, ಮುಂದಿನ ತುಂಡಿಗೆ ಹೋಗುವ ಕುಮ್ರಿ ಬೇಸಾಯವನ್ನು ಕಲ್ಲು ನೆಟ್ಟು ಗುರುತಿಸುವಂತಿಲ್ಲ. ಮರದ ವ್ಯಾಪಾರಕ್ಕೂ ಅದು ಅಡ್ಡಿ. ಕೆನರಾದಲ್ಲಿ ಮದರಾಸು ಸರ್ಕಾರ 1860ರಲ್ಲಿ ಕುಮ್ರಿಯನ್ನು ಬಹುಮಟ್ಟಿಗೆ ನಿಷೇಧಿಸಿತು. 1865 ಮತ್ತು 1878ರ ಅರಣ್ಯ ಕಾಯ್ದೆಗಳು, ಮೈಸೂರಿನಲ್ಲಿ 1900ರ ಅರಣ್ಯ ಕಾನೂನು ಬಂದ ಮೇಲೆ ಕಾಡಿಗೆ ಪ್ರತ್ಯೇಕ ಗಡಿರೇಖೆ, ಪ್ರತ್ಯೇಕ ಇಲಾಖೆ, ಪ್ರತ್ಯೇಕ ನಕ್ಷೆ ಹುಟ್ಟಿಕೊಂಡವು. ತೇಗ, ಬೀಟೆ, ಗಂಧದ ಲೆಕ್ಕ ಇಡಲೆಂದು ಬರೆದ ಆ ನಕ್ಷೆಗಳಲ್ಲಿ ಕಾಡಿನೊಳಗಿನ ಹಾಡಿ ಊರಾಗಿ ಕಾಣಿಸಿಕೊಳ್ಳಲಿಲ್ಲ. ಮರ ಕಡಿಯಲು, ಆನೆ ಹಿಡಿಯಲು ಆಳು ಬೇಕಿದ್ದುದರಿಂದ ಜನ ಅಲ್ಲೇ ಉಳಿದರು. ಕಂದಾಯದವರಿಗೆ ಅದು ಕಾಡು, ಅರಣ್ಯ ಇಲಾಖೆಯವರಿಗೆ ಅದು ಕೂಲಿಯವರ ಬಿಡಾರ. ಎರಡೂ ಇಲಾಖೆಗಳ ಗಡಿರೇಖೆ ಹಲವೆಡೆ ಒಂದರ ಮೇಲೊಂದು ಹರಿದದ್ದರ ಜಗಳ ಇಂದಿಗೂ ಮುಗಿದಿಲ್ಲ. ಜಂಟಿ ಸರ್ವೆ ಎಂಬ ಮಾತು ಮಲೆನಾಡಿನ ತಾಲ್ಲೂಕು ಕಚೇರಿಗಳಲ್ಲಿ ದಿನನಿತ್ಯದ ಮಾತಾಗಿರುವುದು ಇದರಿಂದಲೇ.

1956ರ ನವೆಂಬರ್ 1ರಂದು ರಾಜ್ಯ ಒಂದಾದಾಗ ಘಟ್ಟದ ಸಾಲಿನ ಮೇಲೆ ನಾಲ್ಕು ಬಗೆಯ ಭೂದಾಖಲೆ ಒಟ್ಟಿಗೆ ಬಿದ್ದವು. ಉತ್ತರ ಕನ್ನಡದ್ದು ಬೊಂಬಾಯಿಯ ದಾಖಲೆ. ದಕ್ಷಿಣ ಕನ್ನಡವೂ ಕೊಳ್ಳೇಗಾಲ ತಾಲ್ಲೂಕೂ ಮದರಾಸಿನ ರೈತವಾರಿಯಿಂದ ಬಂದವು. ಶಿವಮೊಗ್ಗ, ಚಿಕ್ಕಮಗಳೂರು, ಹಾಸನ ಹಳೆಯ ಮೈಸೂರಿನವು. ಕೊಡಗಿನದು ಜಮ್ಮ, ಬಾಣೆಗಳ ಬೇರೆಯೇ ಲೋಕ. ದಕ್ಷಿಣ ಕನ್ನಡದ ಕುಮ್ಕಿ, ಉತ್ತರ ಕನ್ನಡದ ಸೊಪ್ಪಿನಬೆಟ್ಟ, ಕೊಡಗಿನ ಬಾಣೆ ಮೂರೂ ಕೃಷಿಕನ ಹಿಡುವಳಿಗೆ ಅಂಟಿಕೊಂಡ ಮರಗಿಡದ ನೆಲವೇ, ಆದರೆ ಮೂರರ ಹಕ್ಕೂ ಬೇರೆ, ಗುರುತಿಸುವ ಕ್ರಮವೂ ಬೇರೆ. ಇಡೀ ಬೆಟ್ಟಸಾಲಿಗೆ ಒಂದೇ ಯೋಜನೆ ಹಾಕಲು ಹೊರಟವರು ಮೊದಲು ಎಡವಿದ್ದು ಇಲ್ಲಿ.

ಯೋಜನೆ ಎಂಬ ಮಾತು ಮಲೆನಾಡಿಗೆ ಸ್ವಾತಂತ್ರ್ಯಕ್ಕೆ ಮುಂಚೆಯೇ ಬಂದಿತ್ತು. ಎಂ. ವಿಶ್ವೇಶ್ವರಯ್ಯ ದಿವಾನರಾಗಿದ್ದ 1912–18ರ ಅವಧಿಯಲ್ಲಿ ಗ್ರಾಮ ಸುಧಾರಣೆಯ ಜೊತೆಗೆ ಮಲೆನಾಡು ಸುಧಾರಣೆಯೂ ಪ್ರತ್ಯೇಕ ಕಾರ್ಯಕ್ರಮವಾಗಿತ್ತು. ಮಲೇರಿಯಾದಿಂದ ಜನಸಂಖ್ಯೆ ಕುಗ್ಗುತ್ತಿದ್ದ ತಾಲ್ಲೂಕುಗಳಲ್ಲಿ ಜನರನ್ನು ಉಳಿಸಿಕೊಳ್ಳುವುದೇ ಅಂದಿನ ಚಿಂತೆ. 1952ರ ಅಕ್ಟೋಬರ್ 2ರಂದು ದೇಶದ 55 ಕಡೆ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಗಿ, ಬ್ಲಾಕ್ ಎಂಬ ಘಟಕವೂ ಗ್ರಾಮಸೇವಕನೂ ಬಂದರು. ಗ್ರಾಮಸೇವಕನ ಕೈಯಲ್ಲಿದ್ದದ್ದು ಕಂದಾಯ ಗ್ರಾಮಗಳ ಪಟ್ಟಿ. ಪಟ್ಟಿಯಲ್ಲಿಲ್ಲದ ಕಡೆಗೆ ಬೀಜ, ಗೊಬ್ಬರ, ಬಾವಿ ಹೋಗುವ ದಾರಿಯಿರಲಿಲ್ಲ.

ಇದೇ ಹೊತ್ತಿಗೆ ಹೊಸದಾಗಿ ನಕ್ಷೆಯಿಂದ ಹೊರಬಿದ್ದವರೂ ಇದ್ದಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ತುಂಬಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಊರುಗಳು ನೀರಿನಡಿಗೆ ಹೋದವು. ನಾಡಿಗೆ ಬೆಳಕು ಕೊಡಲೆಂದು ಮನೆ ಬಿಟ್ಟವರನ್ನು ಕಾಡಿನ ಜಾಗಗಳಲ್ಲಿ ತಂದು ಇಳಿಸಲಾಯಿತು. ಆ ಜಾಗ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. ಮುಳುಗಿದ ಜಮೀನಿಗೆ ಸರ್ವೆ ನಂಬರಿತ್ತು, ಈಗ ಉಳುತ್ತಿರುವುದಕ್ಕಿಲ್ಲ. ಶರಾವತಿ ಸಂತ್ರಸ್ತರ ಹಕ್ಕುಪತ್ರದ ಪ್ರಶ್ನೆ ಅರುವತ್ತು ವರ್ಷದಿಂದ ಶಿವಮೊಗ್ಗದ ರಾಜಕೀಯದಲ್ಲಿ ಜೀವಂತವಾಗಿದೆ. ಹಿನ್ನೀರು ಸುತ್ತುವರಿದ ತುಮರಿ ಕಡೆಯವರು ಲಾಂಚನ್ನೇ ನಂಬಿ ಬದುಕಿದರು; ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈಯಲ್ಲಿ.

ಬೆಟ್ಟಕ್ಕೆ ಬೆಟ್ಟದ ಲೆಕ್ಕವೇ ಬೇಕು ಎಂಬ ಅರಿವು ಐದನೇ ಪಂಚವಾರ್ಷಿಕ ಯೋಜನೆಯಲ್ಲಿ ಮೂಡಿತು. 1974–75ರಲ್ಲಿ ಪಶ್ಚಿಮ ಘಟ್ಟ ಅಭಿವೃದ್ಧಿ ಕಾರ್ಯಕ್ರಮ ಆರಂಭವಾದಾಗ ತಾಲ್ಲೂಕನ್ನು ಘಟಕವಾಗಿ ಹಿಡಿದು, ಸಮುದ್ರಮಟ್ಟದಿಂದ 600 ಮೀಟರ್ ಎತ್ತರವನ್ನು ಅಳತೆಗೋಲಾಗಿ ಇಟ್ಟುಕೊಂಡರು. ಸಮೋನ್ನತಿ ರೇಖೆಯೊಂದು ಅನುದಾನದ ಗೆರೆಯಾಯಿತು. ಈ ಗೆರೆ ಎತ್ತರವನ್ನು ಅಳೆಯಿತೇ ಹೊರತು ದುರ್ಗಮತೆಯನ್ನಲ್ಲ. ಘಟ್ಟದ ಪಶ್ಚಿಮ ಬುಡದಲ್ಲಿ, 100 ಮೀಟರೂ ಎತ್ತರವಿಲ್ಲದ ಕಡೆ, ಮಳೆಗಾಲದ ನಾಲ್ಕು ತಿಂಗಳು ಹೊಳೆ ದಾಟಲಾಗದ ಊರುಗಳಿವೆ. 900 ಮೀಟರ್ ಎತ್ತರದ ಬೆಂಗಳೂರಿಗೆ ಅಂಥ ಕಷ್ಟವಿಲ್ಲ. ಕೇಂದ್ರದ ಕಾರ್ಯಕ್ರಮದ ಜೊತೆಗೆ ರಾಜ್ಯವೂ 1991ರ ಕಾಯ್ದೆಯ ಮೂಲಕ ಶಿವಮೊಗ್ಗ ಕೇಂದ್ರವಾಗಿ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಯನ್ನು ಕಟ್ಟಿತು. ಇಂಥ ಯೋಜನೆಗಳಿಂದ ಮಲೆನಾಡಿನವರು ಬಹಳವಾಗಿ ಬೇಡುವುದು ಕಾಲುಸಂಕ. ಹತ್ತು ಮನೆಯ ಮಕ್ಕಳು ಶಾಲೆಗೆ ಹೋಗಬೇಕಾದರೆ ಹಳ್ಳ ದಾಟಬೇಕು. ಹಳ್ಳದ ಮೇಲೆ ಅಡಕೆ ಮರದ ಸಂಕವಿದ್ದರೆ ಅದು ಪ್ರತಿ ಮಳೆಗಾಲಕ್ಕೂ ಹೊಸದಾಗಬೇಕು. ರಸ್ತೆಗಳ ನಕ್ಷೆಯಲ್ಲಿ ಕಾಲುದಾರಿಗೆ ಸ್ಥಾನವಿಲ್ಲವಾದ್ದರಿಂದ ಎಲ್ಲಿ ಸಂಕ ಬೇಕು ಎಂಬ ಲೆಕ್ಕ ಬಹುಕಾಲ ಯಾರ ಬಳಿಯೂ ಇರಲಿಲ್ಲ. ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ಪಯಸ್ವಿನಿ ನದಿಗೆ ಅರಂಬೂರಿನಲ್ಲಿ ತೂಗುಸೇತುವೆ ಕಟ್ಟಿದ್ದು ಊರಿನವರ ಬೇಡಿಕೆಯಿಂದ. ಮುಂದೆ ಅವರು ದೇಶದ ಹಲವು ಕಡೆ ನೂರಕ್ಕೂ ಹೆಚ್ಚು ಇಂಥ ಸೇತುವೆಗಳನ್ನು ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು.

ಊರಿನವರಿಂದಲೇ ನಕ್ಷೆ ಬರೆಸುವ ಪ್ರಯೋಗ ಶುರುವಾದದ್ದು 1980ರ ದಶಕದ ಕೊನೆಯಲ್ಲಿ. ಬ್ರಿಟನ್ನಿನ ರಾಬರ್ಟ್ ಚೇಂಬರ್ಸ್ 1983ರ ತಮ್ಮ ಪುಸ್ತಕದಲ್ಲಿ, ಗ್ರಾಮಾಭಿವೃದ್ಧಿಯ ಅಧಿಕಾರಿಗಳೂ ತಜ್ಞರೂ ಡಾಂಬರು ರಸ್ತೆಯ ಪಕ್ಕದ ಊರನ್ನು ಮಾತ್ರ ನೋಡಿಬರುತ್ತಾರೆ, ಅದೂ ಮಳೆಗಾಲ ಬಿಟ್ಟು ಎಂದು ಎತ್ತಿ ತೋರಿಸಿದ್ದರು. ಮಲೆನಾಡು ಬಲ್ಲವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಿಲ್ಲ. ಟಿಬೆಟಿಯನ್ನರ ಪುನರ್ವಸತಿಗೆಂದು 1968ರಲ್ಲಿ ಹುಟ್ಟಿದ್ದ ಮೈರಾಡ ಸಂಸ್ಥೆ 1989ರ ಹೊತ್ತಿಗೆ ಕರ್ನಾಟಕದಲ್ಲಿ ಸಹಭಾಗಿ ಸಮೀಕ್ಷೆಯ ವಿಧಾನಗಳನ್ನು ಕೈಗೆತ್ತಿಕೊಂಡಿತು. ಅಂಗಳದಲ್ಲೋ ದೇವಸ್ಥಾನದ ಮುಂದೋ ಜನ ಸೇರುತ್ತಾರೆ. ರಂಗೋಲಿ ಪುಡಿ, ಬೀಜ, ಕಲ್ಲು, ಕಡ್ಡಿಗಳಿಂದ ನೆಲದ ಮೇಲೆ ಊರು ಬರೆಯುತ್ತಾರೆ. ಯಾರ ಮನೆ ಎಲ್ಲಿ, ಯಾವ ಬಾವಿ ಬೇಸಿಗೆಯಲ್ಲಿ ಬತ್ತುತ್ತದೆ, ಮಳೆಯ ನೀರು ಯಾವ ಹೊಲ ಕೊಚ್ಚುತ್ತದೆ ಎಂಬುದೆಲ್ಲ ಅಲ್ಲೇ ಚರ್ಚೆಯಾಗಿ, ತಿದ್ದಿ, ಕೊನೆಗೆ ಕಾಗದಕ್ಕೆ ಇಳಿಯುತ್ತದೆ. ಗಂಡಸರು ರಸ್ತೆ, ಜಮೀನು, ಗುಡಿಯಿಂದ ಶುರುಮಾಡಿದರೆ ಹೆಂಗಸರು ನೀರು, ಸೌದೆ, ಮೇವಿನ ದಾರಿಯಿಂದ ಶುರುಮಾಡುವುದು ಸಾಮಾನ್ಯ. ಬೇರೆ ಬೇರೆ ಗುಂಪು ಕೂರಿಸಿ ಬರೆಸುವ ರೂಢಿ ಬಂದದ್ದು ಹೀಗೆ. ಈ ನಕ್ಷೆಗೆ ಮಾಪನವಿಲ್ಲ, ದಿಕ್ಕು ಕರಾರುವಾಕ್ಕಲ್ಲ, ನ್ಯಾಯಾಲಯದಲ್ಲಿ ಅದು ನಿಲ್ಲುವುದೂ ಇಲ್ಲ. ಆದರೆ ಜಲಾನಯನದ ಬದು, ತಡೆ ಎಲ್ಲಿ ಬೇಕೆಂದು ತೀರ್ಮಾನಿಸಲು ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಮುಂದೆ ಈ ವಿಧಾನ ಸರ್ಕಾರಿ ಯೋಜನೆಗಳ ಕಡ್ಡಾಯ ಅಧ್ಯಾಯವಾಗಿ, ಅರ್ಧ ದಿನದಲ್ಲಿ ಮುಗಿಸಿ ಫೋಟೊ ತೆಗೆದು ಕಡತಕ್ಕೆ ಸೇರಿಸುವ ಶಾಸ್ತ್ರವೂ ಆಯಿತು.

ಅದೇ ವರ್ಷಗಳಲ್ಲಿ ಆಕಾಶದಿಂದಲೂ ನೋಡುವ ಕೆಲಸ ನಡೆದಿತ್ತು. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ 1986ರಲ್ಲಿ ಬಂತು. ಭಾರತದ ಮೊದಲ ದೂರ ಸಂವೇದಿ ಉಪಗ್ರಹ ಐಆರ್‌ಎಸ್–1ಎ 1988ರ ಮಾರ್ಚಿನಲ್ಲಿ ಕಕ್ಷೆ ಸೇರಿತು. ಜಿಲ್ಲಾ ಮಟ್ಟದಲ್ಲಿ ಕೆರೆ, ಕೊಳವೆಬಾವಿ, ಶಾಲೆ, ರಸ್ತೆಗಳ ವಿವರವನ್ನು ಗಣಕದಲ್ಲಿ ನಕ್ಷೆಯಾಗಿ ಜೋಡಿಸುವ ಕೇಂದ್ರಗಳು 1990ರ ದಶಕದಲ್ಲಿ ಹುಟ್ಟಿದವು. ಆ ಕಾಲದ ಉಪಗ್ರಹ ಚಿತ್ರದ ಒಂದು ಬಿಂದು ನೆಲದ ಮೇಲೆ 36 ಇಲ್ಲವೇ 72 ಮೀಟರ್ ಉದ್ದಗಲದ್ದು. ಕೆರೆ ಕಾಣುತ್ತಿತ್ತು, ನೀಲಗಿರಿ ತೋಪು ಕಾಣುತ್ತಿತ್ತು. ಮರಗಳ ಕೆಳಗಿನ ಇಪ್ಪತ್ತು ಗುಡಿಸಲಿನ ಹಾಡಿ ಕಾಣುತ್ತಿರಲಿಲ್ಲ. ಘಟ್ಟದ ಮೇಲೆ ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡ ಕವಿದಿರುವುದರಿಂದ ಬಳಕೆಗೆ ಬರುವ ಚಿತ್ರಗಳು ಬಹುಪಾಲು ಚಳಿಗಾಲ, ಬೇಸಿಗೆಯವು. ಮಳೆಯಲ್ಲಿ ಕೊಚ್ಚಿಹೋಗುವ ದಾರಿ ಆ ಚಿತ್ರದಲ್ಲಿ ಗಟ್ಟಿಮುಟ್ಟಾಗಿಯೇ ಇರುತ್ತದೆ. ನಕ್ಷೆಗಳ ಮೇಲಿದ್ದ ರಕ್ಷಣಾ ನಿರ್ಬಂಧಗಳೂ ಕಡಿಮೆಯಿರಲಿಲ್ಲ. ಸರ್ವೆ ಆಫ್ ಇಂಡಿಯಾದ ಸಮೋನ್ನತಿ ನಕ್ಷೆಗಳನ್ನು ಸಾರ್ವಜನಿಕರಿಗೆ ಬಿಡುವ ನೀತಿ ಬಂದದ್ದು 2005ರಲ್ಲಿ, ನಿರ್ಬಂಧಗಳು ನಿಜಕ್ಕೂ ಸಡಿಲವಾದದ್ದು 2021ರ ಫೆಬ್ರುವರಿಯಲ್ಲಿ.

ಗಣಕ, ನಕ್ಷೆ, ಅನುದಾನ ಮೂರೂ ಕೂಡಿಕೊಂಡ ದೊಡ್ಡ ಯೋಜನೆ 2000ದ ಡಿಸೆಂಬರ್ 25ರಂದು ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್. ಪ್ರತಿ ಜಿಲ್ಲೆಗೂ ರಸ್ತೆಜಾಲದ ನಕ್ಷೆ ಬರೆದು, ಸಂಪರ್ಕವಿಲ್ಲದ ಜನವಸತಿಗಳನ್ನು ಗುರುತಿಸಿ, ಜನಸಂಖ್ಯೆಯ ಕ್ರಮದಲ್ಲಿ ಸರ್ವಋತು ರಸ್ತೆ ಕೊಡುವುದು ಅದರ ನಿಯಮ. ಬಯಲಿನಲ್ಲಿ 500 ಜನರಿರಬೇಕು. ಗುಡ್ಡಗಾಡು ರಾಜ್ಯಗಳು, ಮರುಭೂಮಿ ಮತ್ತು ಐದನೇ ಅನುಸೂಚಿಯ ಬುಡಕಟ್ಟು ಪ್ರದೇಶಗಳಲ್ಲಿ 250 ಸಾಕು. ಇಲ್ಲಿ ಗುಡ್ಡಗಾಡು ಎಂದರೆ ರಾಜ್ಯ, ಊರಲ್ಲ. ಹಿಮಾಚಲ, ಉತ್ತರಾಖಂಡಗಳಿಗೆ ಸಿಕ್ಕ ರಿಯಾಯಿತಿ ಆಗುಂಬೆಗಾಗಲಿ ಮಲೆ ಮಹದೇಶ್ವರ ಬೆಟ್ಟಕ್ಕಾಗಲಿ ಗುಡ್ಡದ ಲೆಕ್ಕದಲ್ಲಿ ಅನ್ವಯಿಸಲಿಲ್ಲ. ಕರ್ನಾಟಕದಲ್ಲಿ ಐದನೇ ಅನುಸೂಚಿಯ ಪ್ರದೇಶವೂ ಇಲ್ಲ. ಸುತ್ತ 500 ಮೀಟರಿನೊಳಗಿನ ಮನೆಗಳನ್ನು ಒಂದೇ ಜನವಸತಿಯಾಗಿ ಎಣಿಸಬಹುದೆಂಬ ನಿಯಮವೂ ಒಂಟಿಮನೆಗಳ ಮಲೆನಾಡಿಗೆ ಹೊಂದುವುದಿಲ್ಲ. ಒಂದು ಗ್ರಾಮದಲ್ಲಿ ಸಾವಿರ ಜನರಿದ್ದರೂ ಅವರು ಹದಿನೈದು ಕಣಿವೆಗಳಲ್ಲಿ ಹಂಚಿಹೋಗಿದ್ದರೆ ಯಾವ ಗುಂಪೂ 500 ಮುಟ್ಟುವುದಿಲ್ಲ.

ಮಲೆ ಮಹದೇಶ್ವರ ಬೆಟ್ಟದ ಇಂಡಿಗನತ್ತ, ಮೆಂದಾರೆ, ಪಡಸಲನತ್ತದಂಥ ಊರುಗಳ ಕಥೆಯಲ್ಲಿ ಇನ್ನೊಂದು ಗಂಟಿದೆ. ದಾರಿ ಹೋಗಬೇಕಾದದ್ದು 2013ರಲ್ಲಿ ಘೋಷಣೆಯಾದ ವನ್ಯಜೀವಿಧಾಮದ ಮೂಲಕ. ರೋಗಿಗಳನ್ನು ಡೋಲಿಯಲ್ಲಿ ಹೊತ್ತು ಇಳಿಸುವ ಸುದ್ದಿ ಅಲ್ಲಿಂದ ಮತ್ತೆ ಮತ್ತೆ ಬರುತ್ತದೆ. 2024ರ ಲೋಕಸಭಾ ಚುನಾವಣೆಯ ದಿನ, ಏಪ್ರಿಲ್ 26ರಂದು, ಮೂಲ ಸೌಕರ್ಯವಿಲ್ಲವೆಂಬ ಸಿಟ್ಟು ಇಂಡಿಗನತ್ತದ ಮತಗಟ್ಟೆಯ ಮೇಲೆ ತಿರುಗಿ, ಮತಯಂತ್ರ ಒಡೆದು, ಮೂರು ದಿನದ ನಂತರ ಮರುಮತದಾನ ನಡೆಸಬೇಕಾಯಿತು.

ಇಷ್ಟೆಲ್ಲದರ ನಡುವೆ ಬಿಳಿಗಿರಿರಂಗನ ಬೆಟ್ಟದಲ್ಲಿ ನಡೆದ ನಕ್ಷೆಯ ಕೆಲಸ ಬೇರೆಯಾಗಿಯೇ ನಿಲ್ಲುತ್ತದೆ. 1974ರಲ್ಲಿ ಆ ಕಾಡು ವನ್ಯಜೀವಿಧಾಮವಾಯಿತು. ಒಳಗಿನ ಪೋಡುಗಳ ಸೋಲಿಗರನ್ನು ಹೊರತಂದು ರಸ್ತೆಬದಿಯ, ಕಾಡಂಚಿನ ಪೋಡುಗಳಲ್ಲಿ ನೆಲೆಗೊಳಿಸಲಾಯಿತು. ಬೇಟೆ, ಬೇಸಾಯ, ನೆಲದ ತರಗೆಲೆಗೆ ಇಡುತ್ತಿದ್ದ ತರಗುಬೆಂಕಿ ಎಲ್ಲ ನಿಂತವು. ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆಸ್ಪತ್ರೆ, ಶಾಲೆಗಳ ಮೂಲಕ ಸೋಲಿಗರ ಹೊಸ ತಲೆಮಾರನ್ನು ಬೆಳೆಸಿತು. ಆ ತಲೆಮಾರಿನವರೂ ಸೋಲಿಗ ಅಭಿವೃದ್ಧಿ ಸಂಘವೂ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರೊಡನೆ ಸೇರಿ ಕಾಡಿನ ನಕ್ಷೆ ಬರೆಯಲು ಹೊರಟರು.

ಅವರು ಗುರುತಿಸಿದ್ದು ಮನೆ, ಜಮೀನುಗಳನ್ನಲ್ಲ. ಸೋಲಿಗರ ಪ್ರತಿ ಕುಲಕ್ಕೂ ಕಾಡಿನಲ್ಲಿ ಅದರದೇ ಯೆಲ್ಲೆಯಿದೆ. ಯೆಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಐದು ಬಗೆಯ ನೆಲೆಗಳು. ಹಿರಿಯರು ಮುಂದೆ ನಡೆದು ಜಾಗ ತೋರಿಸಿದರು, ಕಿರಿಯರು ಜಿಪಿಎಸ್ ಹಿಡಿದು ಅದರ ಸ್ಥಾನ ಬರೆದುಕೊಂಡರು. ಹಳೆಯ ಪೋಡುಗಳ ಜಾಗ, ದೊಡ್ಡಸಂಪಿಗೆಯಂಥ ಪೂಜೆಯ ಮರ, ನೀರಿನ ನೆಲೆಗಳೆಲ್ಲ ಸೇರಿ ಐನೂರರ ಆಸುಪಾಸಿನ ಸ್ಥಳಗಳು ಸೋಲಿಗರ ಹೆಸರಿನಲ್ಲೇ ನಕ್ಷೆಗೆ ಬಂದವು. ಅರಣ್ಯ ಇಲಾಖೆಯ ನಕ್ಷೆಯಲ್ಲಿ ವಲಯ, ಬ್ಲಾಕುಗಳಾಗಿ ಹಂಚಿಹೋಗಿದ್ದ ಕಾಡಿನ ಮೇಲೆ ಕುಲಗಳ ಯೆಲ್ಲೆ ಹರಡಿಕೊಂಡಿತು. ಜನ ಇಲ್ಲಿಗೆ ಇತ್ತೀಚೆಗೆ ನುಗ್ಗಿದವರಲ್ಲ ಎಂಬುದಕ್ಕೆ ಬೇರೆ ವಾದ ಬೇಕಿರಲಿಲ್ಲ.

ಈ ನಕ್ಷೆಗೆ ಕಾನೂನಿನ ಬಲ ಬಂದದ್ದು 2006ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಅರಣ್ಯ ಹಕ್ಕು ಕಾಯ್ದೆಯಿಂದ. ಸಮುದಾಯ ಹಕ್ಕು ಕೇಳುವ ಗ್ರಾಮಸಭೆ ತನ್ನ ಸಾಂಪ್ರದಾಯಿಕ ಗಡಿಯನ್ನು ತಾನೇ ಗುರುತಿಸಬೇಕೆಂದು ಆ ಕಾಯ್ದೆ ಹೇಳುತ್ತದೆ. 2011ರ ಜನವರಿಯಲ್ಲಿ ಬೆಟ್ಟ ಹುಲಿ ಮೀಸಲು ಪ್ರದೇಶವಾಯಿತು, ಅದೇ ವರ್ಷದ ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ದೇಶದ ಹುಲಿ ಮೀಸಲು ಪ್ರದೇಶವೊಂದರಲ್ಲಿ ಇಂಥ ಹಕ್ಕು ಮಾನ್ಯವಾದದ್ದು ಅದೇ ಮೊದಲು. ಹಕ್ಕು ಬಂದ ಮೇಲೂ ಜೇನು, ನೆಲ್ಲಿ, ಪಾಸೆಯ ಸಂಗ್ರಹದ ಬಗ್ಗೆ ಇಲಾಖೆಯೊಡನೆ ತಿಕ್ಕಾಟ ನಿಲ್ಲಲಿಲ್ಲ. ಆದರೂ ಮಲೆಯ ಜನರು ತಾವೇ ಬರೆದ ನಕ್ಷೆಯೊಂದು ಸರ್ಕಾರಿ ತೀರ್ಮಾನಕ್ಕೆ ನೆರವಾದ ಉದಾಹರಣೆಗಳಲ್ಲಿ ಇದಕ್ಕೆ ಸಮನಾದದ್ದು ರಾಜ್ಯದಲ್ಲಿ ಹುಡುಕಿದರೂ ಸಿಗುವುದು ಅಪರೂಪ.

ಇದಕ್ಕೆ ಎದುರು ದಿಕ್ಕಿನ ಅನುಭವ ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ನಕ್ಷೆಯದು. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟ ಮೇಲೆ, ಕೆ. ಕಸ್ತೂರಿರಂಗನ್ ನೇತೃತ್ವದ ತಂಡ 2013ರಲ್ಲಿ ಉಪಗ್ರಹ ಚಿತ್ರ ಆಧರಿಸಿ, ಗ್ರಾಮವನ್ನು ಘಟಕವಾಗಿ ಹಿಡಿದು, ಸುಮಾರು 60 ಸಾವಿರ ಚದರ ಕಿಲೋಮೀಟರ್ ಗುರುತಿಸಿತು. ಕರ್ನಾಟಕದ ಪಾಲಿಗೆ 1,576 ಗ್ರಾಮಗಳು, 20,668 ಚದರ ಕಿಲೋಮೀಟರ್. ಗ್ರಾಮದ ಶೇ. 20ರಷ್ಟು ನೆಲ ಸೂಕ್ಷ್ಮವೆಂದು ಕಂಡರೆ ಇಡೀ ಗ್ರಾಮವೇ ಪಟ್ಟಿಗೆ ಬಂತು. ನೆರಳುಮರದ ಕೆಳಗಿನ ಕಾಫಿ ತೋಟ, ದಟ್ಟ ಅಡಕೆ ತೋಟ ಆಕಾಶದಿಂದ ಕಾಡಿನಂತೆಯೇ ಕಾಣುತ್ತವೆ ಎಂಬುದು ಬೆಳೆಗಾರರ ಮುಖ್ಯ ಆಕ್ಷೇಪ. ಆಕ್ಷೇಪದಲ್ಲಿ ರಾಜಕೀಯವೂ ಬೆರೆತಿತ್ತು, ಗಣಿ ಮತ್ತು ರೆಸಾರ್ಟಿನವರ ಆಸಕ್ತಿಯೂ ಬೆರೆತಿತ್ತು. ಹಾಗೆಂದು ತಾಂತ್ರಿಕ ಪ್ರಶ್ನೆ ಪೊಳ್ಳಾಗುವುದಿಲ್ಲ. ಬಹುಕಾಲ ನಕ್ಷೆಗೆ ಸೇರಿಸಿ ಎಂದು ಅಂಗಲಾಚಿದ ಸೀಮೆಯಲ್ಲಿ ನಮ್ಮನ್ನು ನಕ್ಷೆಯಿಂದ ತೆಗೆಯಿರಿ ಎಂದು ಗ್ರಾಮಸಭೆಗಳು ನಿರ್ಣಯ ಮಾಡಿದವು. 2014ರಿಂದ 2024ರ ಜುಲೈವರೆಗೆ ಕೇಂದ್ರ ಆರು ಕರಡು ಅಧಿಸೂಚನೆ ಹೊರಡಿಸಿತು.

ಈಗಿನ ಯೋಜನೆಗಳು ನಡೆಯುವುದು ಮೊಬೈಲಿನ ಮೇಲೆ. ಉದ್ಯೋಗ ಖಾತರಿಯ ಕಾಮಗಾರಿಗಳಿಗೆ 2016ರಿಂದ ಇಸ್ರೊದ ಭುವನ್ ತಾಣದಲ್ಲಿ ಜಿಯೊಟ್ಯಾಗ್ ಹಾಕುವ ವ್ಯವಸ್ಥೆ ಬಂತು. ಕೆಲಸದ ಮುಂಚೆ, ನಡುವೆ, ಕೊನೆಯಲ್ಲಿ ಫೋಟೊ ಸ್ಥಾನಸಮೇತ ಏರಬೇಕು. ಕಳ್ಳಲೆಕ್ಕ ತೋರಿಸುವುದು ಇದರಿಂದ ಕಷ್ಟವಾಯಿತು. ಬೆಟ್ಟದ ಊರಿಗೆ ಬೇರೆ ಕಷ್ಟ ಶುರುವಾಯಿತು: ಹಾಜರಾತಿಯ ಆ್ಯಪ್‌ಗೆ ಸಿಗ್ನಲ್ ಬೇಕು, ಸಿಗ್ನಲ್ ಗುಡ್ಡದ ಮೇಲೆ, ಕೆಲಸ ಕಣಿವೆಯಲ್ಲಿ. ಸರ್ವೆ ನಂಬರನ್ನು ಉಪಗ್ರಹ ಚಿತ್ರದ ಮೇಲೆ ತೋರಿಸುವ ದಿಶಾಂಕ್ ಆ್ಯಪ್ ಬಯಲಿನಲ್ಲಿ ಒಳ್ಳೆಯ ಸಹಾಯವಾಗಿದೆ. ಇಳಿಜಾರಿನಲ್ಲಿ ಸರಪಳಿ ಅಳತೆಯ ಹಳೆಯ ತಪ್ಪು ಅಲ್ಲಿ ಹೊಸದಾಗಿ ಎದ್ದು ಕಾಣುತ್ತದೆ, ತೋಟದ ಗೆರೆ ಹಳ್ಳದ ಆಚೆ ಹೋಗಿರುತ್ತದೆ. 2020ರಲ್ಲಿ ಘೋಷಣೆಯಾದ ಸ್ವಾಮಿತ್ವ ಯೋಜನೆಯ ಡ್ರೋನ್ ಅಳೆಯುವುದು ಜನವಸತಿಯ ಠಾಣವನ್ನು. ತೋಟದೊಳಗಿನ ಒಂಟಿಮನೆಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ಪಟ್ಟಿಯಲ್ಲಿಲ್ಲದ ಊರುಗಳನ್ನು ಪಟ್ಟಿಗೆ ತರುವ ಕೆಲಸ ರಾಜ್ಯದಲ್ಲಿ ಕಾನೂನಿನ ರೂಪ ಪಡೆದದ್ದು ಭೂಸುಧಾರಣಾ ಕಾಯ್ದೆಗೆ 38–ಎ ಕಲಮು ಸೇರಿದ ಮೇಲೆ. ತಾಂಡಾ, ಗೊಲ್ಲರಹಟ್ಟಿ, ಹಾಡಿ, ದೊಡ್ಡಿ, ಪಾಳ್ಯ, ಮಜರೆಗಳನ್ನು ದಾಖಲೆರಹಿತ ಜನವಸತಿಯೆಂದು ಗುರುತಿಸಿ, ಅಳೆದು, ಕಂದಾಯ ಗ್ರಾಮವೆಂದು ಅಧಿಸೂಚಿಸುವುದು ಅದರ ಕ್ರಮ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಲಂಬಾಣಿ ಕುಟುಂಬಗಳಿಗೆ ಹಕ್ಕುಪತ್ರ ಹಂಚಲಾಯಿತು. ಆ ತಾಂಡಾಗಳು ಬಯಲಿನವು. ಊರು ನಿಂತಿರುವ ನೆಲ ಅರಣ್ಯವಾಗಿದ್ದರೆ ಈ ಕಾನೂನು ಸಾಲದು. ಅರಣ್ಯ ಹಕ್ಕು ಕಾಯ್ದೆಯ 3(1)(ಎಚ್) ಕಲಮಿನಡಿ ಹೋಗಬೇಕು. ಅದಕ್ಕೆ ಗ್ರಾಮಸಭೆ ನಿರ್ಣಯ ಮಾಡಿ ನಕ್ಷೆ ಬರೆಯಬೇಕು, ಕಂದಾಯ ಮತ್ತು ಅರಣ್ಯ ಇಲಾಖೆಯವರು ಸ್ಥಳಕ್ಕೆ ಬಂದು ತಾಳೆ ನೋಡಬೇಕು, ಉಪವಿಭಾಗ ಸಮಿತಿ ಪರಿಶೀಲಿಸಿ ಜಿಲ್ಲಾ ಸಮಿತಿಗೆ ಕಳಿಸಬೇಕು. ಸರ್ವೆ ನಂಬರು ಸಿಗುವುದು ಅದರ ನಂತರ. ರಸ್ತೆ, ನೀರು, ಶಾಲೆಯ ಅರ್ಜಿ ಸರದಿಗೆ ಬರುವುದು ಅದಕ್ಕೂ ನಂತರ.